ಹೊಟ್ಟೆ ಬಿಟ್ಟ ರ‍್ಯಾಕ್: ಒಂದು ವರ್ಷ ಬಳಸಿದ ಮೇಲೆ

ಹೋದ ವರ್ಷ ಯುಗಾದಿ ಹೊತ್ತಿಗೆ ಇಲ್ಲೇ ತುಮಕೂರಿನ ಒಂದು ಅಂಗಡಿಯಲ್ಲಿ ಈ ಪಾರ್ಟಿಕಲ್ ಬೋರ್ಡ್ ರ‍್ಯಾಕ್ ತಗೊಂಡೆ. ಮೂರು ಅಡಿ ಹಲಗೆ, ಆಧಾರ ಎರಡು ತುದಿಯಲ್ಲಿ ಮಾತ್ರ. ಜೋಡಿಸುವುದು ಸುಲಭ, ನೋಡೋಕೂ ನೀಟು. ಅಮ್ಮ ನಡುವಿನ ಹಲಗೆ ಮೇಲೆ ರಾಗಿ, ಅಕ್ಕಿ, ತೊಗರಿಬೇಳೆ ಡಬ್ಬಗಳನ್ನು ಸಾಲಾಗಿ ಇಟ್ಟರು. ತಿಂಗಳೊಳಗೆ ಹಲಗೆ ಹೊಟ್ಟೆ ಬಿಟ್ಟಿತು.

ಅಂಗಡಿಗೆ ಫೋನ್ ಮಾಡಿದೆ. "ಹೊಸದರಲ್ಲಿ ಸ್ವಲ್ಪ ಬಗ್ಗುತ್ತೆ ಸಾರ್, ಆಮೇಲೆ ನಿಲ್ಲುತ್ತೆ" ಅಂದರು.

ಪಾಪ, ಅವರಿಗೇನು ಗೊತ್ತು, ನನ್ನ ಪಿಎಚ್‌ಡಿ ಇದೇ ವಿಷಯದ್ದು! ಅಣು ರಿಯಾಕ್ಟರ್ ಒಳಗಿನ ಕೊಳವೆ ವರ್ಷಗಟ್ಟಲೆ ಭಾರ ಹೊತ್ತು ಎಷ್ಟು ಬಗ್ಗುತ್ತದೆ ಅಂತ ಲೆಕ್ಕ ಹಾಕುವುದು. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಹಲಗೆಗೆ ತುದಿಯಿಂದ ತುದಿಗೆ ದಾರ ಬಿಗಿದು ಮಧ್ಯದ ಸಂದು ಅಳೆದೆ. ಮೊದಲ ತಿಂಗಳಿಗೆ 4 ಮಿ.ಮೀ., ಮೇ ಕೊನೆಗೆ 5. ಅಂಗಡಿಯವರು ಹೇಳಿದ್ದು ಸರಿ ಅನ್ನಿಸಿತು. ಮಳೆಗಾಲ ಬಂತು ನೋಡಿ, ಅಕ್ಟೋಬರ್‌ಗೆ 9! ಡಬ್ಬ ಅವೇ, ಭಾರ ಅದೇ. ತೇವ ಏರಿ ಇಳಿದ ಹಾಗೆಲ್ಲ ಈ ಹಲಗೆ ಇನ್ನಷ್ಟು ಜಗ್ಗುತ್ತದೆ.

ರಿಯಾಕ್ಟರ್‌ನಲ್ಲಿ ಈ ಮಳೆಯ ಕೆಲಸ ಮಾಡುವುದು ನ್ಯೂಟ್ರಾನ್. ಕೈಗಾದ ಒಂದೊಂದು 220 ಮೆಗಾವ್ಯಾಟ್ ಘಟಕದಲ್ಲೂ ಇಂಧನ ತುಂಬಿದ 306 ಕೊಳವೆ ಅಡ್ಡಡ್ಡ ಮಲಗಿವೆ. ಜಿರ್ಕೋನಿಯಂ-ನಿಯೋಬಿಯಂ ಮಿಶ್ರಲೋಹ. ಬರೀ ಬಿಸಿಗೆ ಅದು ಅಷ್ಟೇನೂ ಬಗ್ಗುವುದಿಲ್ಲ. ನ್ಯೂಟ್ರಾನ್ ಬಡಿದು ಪರಮಾಣುಗಳು ಜಾಗ ಬಿಟ್ಟರೆ ಬಗ್ಗುವುದು ಜಾಸ್ತಿ. ಇನ್ನೊಂದು ತಮಾಷೆ, ಮೇಲೆ ಭಾರವೇ ಇಲ್ಲದಿದ್ದರೂ ಅದು ಉದ್ದಕ್ಕೆ ಬೆಳೆಯುತ್ತದೆ. ಈ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಬೇಕು. ಮೊದಲೆರಡು ತಿಂಗಳ ಗೆರೆಯನ್ನೇ ಮುಂದಕ್ಕೆ ಎಳೆದರೆ ಕೆಟ್ಟೆವು. ಕೆನಡಾದ ಅಣು ವಿದ್ಯುತ್ ಸ್ಥಾವರ ಪಿಕರಿಂಗ್‌ನಲ್ಲಿ 1983ರಲ್ಲಿ ಒಂದು ಹಳೇ ಜಿರ್ಕಲಾಯ್ (ಇದೂ ಜಿರ್ಕೋನಿಯಂ ಮಿಶ್ರಲೋಹವೇ) ಕೊಳವೆಯ ಆಧಾರದ ಸ್ಪ್ರಿಂಗ್ ಜಾಗ ತಪ್ಪಿತ್ತು. ಬಿಸಿ ಕೊಳವೆ ಜೋತು ತನ್ನನ್ನು ಸುತ್ತುವರಿದ ಹೊರಗಿನ ತಣ್ಣನೆ ಕೊಳವೆಗೆ ತಾಗಿತು. ತಾಗಿದ ಕಡೆ ಹೈಡ್ರೈಡ್ (ಲೋಹಕ್ಕೆ ಹೈಡ್ರೋಜನ್ ಸೇರಿ ಆಗುವ ಪೆಡಸು ವಸ್ತು) ಗುಳ್ಳೆ ಎದ್ದು ಕೊಳವೆ ಸೀಳಿತು.

ನಮ್ಮಲ್ಲಿ ಹಲಗೆ ತಾಗಿದ್ದು ಕೆಳಗಿನ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ. ಅದನ್ನು ಈಚೆ ಎಳೆಯೋಕೆ ಅಮ್ಮ ಪರದಾಡಿಬಿಟ್ಟರು.

ಬಟ್ಟೆ ಇಡೋರಿಗೆ ಧಾರಾಳ ಸಾಕು, ಮೂರು ಸ್ಟಾರ್. ದಿನಸಿಗಾದರೆ ನಡುವೆ ಕಾಲು ಇರುವುದನ್ನೇ ಕೇಳಿ. ನಾನಂತೂ ಹಲಗೆಯನ್ನು ತಿರುಗಿಸಿ ಬೋರಲು ಹಾಕಿದ್ದೇನೆ. ಈಗ ಮಧ್ಯ ಮೇಲಕ್ಕೆ ಉಬ್ಬಿದೆ, ರಾಗಿ ಡಬ್ಬ ಸ್ವಲ್ಪ ಓಲಾಡುತ್ತದೆ. ದಾರ ಇನ್ನೂ ಬಿಚ್ಚಿಲ್ಲ.