ಸ್ಲಾಟ್ ಕಾರಿಗೆ ಎಂಜಿನ್ ಸದ್ದು: ಎಂಪಿ3 ಬೋರ್ಡೋ, ಇಎಸ್‌ಪಿ32 ಬೋರ್ಡೋ?

ಸ್ಲಾಟ್ ಕಾರು ಅಂದರೆ ಟ್ರ್ಯಾಕಿನ ಸೀಳಿನಲ್ಲಿ, ಅಲ್ಲಿನ ಕರೆಂಟಿನಿಂದಲೇ ಓಡುವ ಆಟಿಕೆ ಕಾರು; ಕೈಯಲ್ಲಿರುವ ಕಂಟ್ರೋಲರಿನ ಟ್ರಿಗರ್ ಒತ್ತಿದಷ್ಟೂ ಟ್ರ್ಯಾಕಿನ ವೋಲ್ಟೇಜ್ ಏರಿ ವೇಗ ಹೆಚ್ಚುತ್ತದೆ. ಅದಕ್ಕೆ ಎಂಜಿನ್ ಸದ್ದು ಕೊಡಲು ಯಾವ ಬೋರ್ಡ್? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೋಡ್ ಬರೆದು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಾದ ಇಎಸ್‌ಪಿ32ಗೆ. ಎಂಪಿ3 ಬೋರ್ಡ್ ತಂದಿದ್ದು ಅಗ್ಗ ಅನ್ನೋ ಆಸೆಗೆ. ಎರಡನ್ನೂ ಕುವೆಂಪುನಗರದ ನಮ್ಮ ಮನೆಯಲ್ಲಿರುವ ಹಳೇ 1:32 (ನಿಜವಾದ ಕಾರಿನ 32ನೇ ಒಂದು ಅಳತೆಯ) ಅನಲಾಗ್ ಸೆಟ್‌ಗೆ ಜೋಡಿಸಿ ನೋಡಿದೆ.

ಎಂಪಿ3 ಬೋರ್ಡಿನ ತಕರಾರು ಒಂದೇ, ಆದರೆ ಅದೇ ತಲೆ ತಿನ್ನುತ್ತದೆ. ಅದಕ್ಕೆ ಫೈಲ್ ಪ್ಲೇ ಮಾಡುವುದು ಗೊತ್ತು, ಪ್ಲೇ ಆಗುತ್ತಿರುವಾಗ ವೇಗ ಏರಿಸಿ ಇಳಿಸುವುದು ಗೊತ್ತಿಲ್ಲ. ಹಾಗಾಗಿ ಐಡಲ್, ನಿಧಾನ, ಜೋರು, ಫುಲ್ ಅಂತ ಬೇರೆ ಬೇರೆ ಫೈಲ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಬೇಕು.

ಟ್ರಿಗರ್ ಒತ್ತಿದಾಗ ಒಂದು ಫೈಲ್ ನಿಂತು ಇನ್ನೊಂದು ಶುರುವಾಗಬೇಕು. ನಡುವೆ ಸದ್ದೇ ಇಲ್ಲ. ಸ್ಪೀಕರ್‌ಗೆ ಎಚ್ಚರವಾಗುವಷ್ಟರಲ್ಲಿ ಕಾರು ತಿರುವಿಗೆ ಬಂದಿರುತ್ತದೆ. ಹೋಗಲಿ, ಒಂದೇ ವೇಗದಲ್ಲಿ ಓಡಿಸೋಣ ಅಂದರೆ ಅಲ್ಲೂ ಕಾಟ. ಎಂಪಿ3 ಮಾಡುವಾಗಲೇ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಕೊಳ್ಳುತ್ತದೆ. ಫೈಲ್ ಮತ್ತೆ ಶುರುವಾದಾಗಲೆಲ್ಲ ಎಂಜಿನ್ ಬಿಕ್ಕಳಿಸುತ್ತದೆ, ಹಳೇ ಮೊಪೆಡ್ ಚಾಮುಂಡಿ ಬೆಟ್ಟ ಹತ್ತಿದ ಹಾಗೆ. ಎಂಪಿ3 ಬದಲು ವೇವ್ ಫೈಲ್ ಹಾಕಿದೆ. ಬಿಕ್ಕಳಿಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇಎಸ್‌ಪಿ32ಗೆ ಒಂದೇ ಪುಟ್ಟ ರೆಕಾರ್ಡಿಂಗ್ ಸಾಕು. ಬೇಗ ಓದಿಸಿದರೆ ಸದ್ದು ಏರುತ್ತದೆ, ನಿಧಾನಕ್ಕೆ ಓದಿಸಿದರೆ ಇಳಿಯುತ್ತದೆ. ಟ್ರಿಗರ್ ಎಷ್ಟು ಒತ್ತಿದೆ ಅಂತ ಬೋರ್ಡಿಗೆ ಗೊತ್ತಾಗಲಿ ಎಂದು ಟ್ರ್ಯಾಕಿನ ವೋಲ್ಟೇಜನ್ನು 10ಕೆ ಮತ್ತು 2.2ಕೆ ರೆಸಿಸ್ಟರ್‌ಗಳಿಂದ ಇಳಿಸಿ ಪಿನ್ನಿಗೆ ಕೊಟ್ಟೆ. ಮೋಟರ್ ಬ್ರಷ್‌ನ ಕಿಡಿ ಗಲಾಟೆ ಮಾಡದಿರಲಿ ಅಂತ ಒಂದು ಕೆಪಾಸಿಟರ್.

ಮಜಾ ಇರುವುದು ಕಾರು ಟ್ರ್ಯಾಕ್ ಬಿಟ್ಟು ಸೋಫಾ ಕೆಳಗೆ ನುಗ್ಗಿದಾಗ. ನನ್ನದು ರೆಸಿಸ್ಟರ್ ತಂತಿಯ ಕಂಟ್ರೋಲರ್. ಕರೆಂಟ್ ಎಳೆಯುವ ಮೋಟರೇ ಇಲ್ಲದ ಮೇಲೆ, ಟ್ರಿಗರ್ ಅರ್ಧ ಒತ್ತಿದ್ದರೂ ಟ್ರ್ಯಾಕಿನಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್. ಎಂಜಿನ್ ಕಿರುಚಿಕೊಳ್ಳುತ್ತದೆ. ಚಕ್ರ ನೆಲ ಬಿಟ್ಟರೆ ನಿಜವಾದ ಕಾರೂ ಹಾಗೇ ಅಲ್ವಾ? ಅದಕ್ಕೇ ಸರಿಮಾಡದೆ ಸುಮ್ನೆ ಬಿಟ್ಟಿದ್ದೇನೆ.

ಕೊಳ್ಳುವಾಗ ಮಾಮೂಲಿ ಇಎಸ್‌ಪಿ32 ಅಂತಲೇ ಕೇಳಿ. ಅದರ ಎಸ್3, ಸಿ3 ಮಾದರಿಗಳಲ್ಲಿ ಡಿಎಸಿ, ಅಂದರೆ ಅಂಕಿಗಳನ್ನು ಸದ್ದಿನ ವೋಲ್ಟೇಜ್ ಮಾಡುವ ಭಾಗ, ಇಲ್ಲ. ಸ್ಪೀಕರ್ ಟ್ರ್ಯಾಕ್ ಪಕ್ಕದಲ್ಲೇ ಇರಲಿ, ಅಂಗೈಯಷ್ಟು ಕಾರಿಗೆ ಅದು ಭಾರ.

ಕೋಡ್ ಅಂದರೆ ತಲೆನೋವು ಅನ್ನುವವರು ಎಂಪಿ3ಯಲ್ಲೇ ಸುಧಾರಿಸಿಕೊಳ್ಳಬಹುದು. ನಾನಂತೂ ಭಾನುವಾರ ಸೋಲ್ಡರಿಂಗ್ ಹಿಡಿದು ಕೂರುವವನು. ಸದ್ದು ಜೋರು ಮಾಡುವ ಪಿಎಎಂ8403 ಆಂಪ್, ಸ್ಪೀಕರ್ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಬೋರ್ಡಿನಲ್ಲಿ ಡಿಎಸಿ ಎರಡಿವೆ, ಆಂಪ್‌ನಲ್ಲೂ ಎರಡು ಚಾನಲ್, ಹಾಗಾಗಿ ಎರಡನೇ ಲೇನಿಗೆ ಬೇಕಿರುವುದು ಇನ್ನೊಂದು ಸ್ಪೀಕರ್, ಇನ್ನೊಂದು ಜೊತೆ ರೆಸಿಸ್ಟರ್, ಒಂದು ಕೆಪಾಸಿಟರ್ ಮಾತ್ರ. ಆ ಲೇನಿಗೆ ಕೆಎಸ್‌ಆರ್‌ಟಿಸಿ ಬಸ್ಸಿನ ಸದ್ದೇ ಬೇಕಂತೆ, ಮಗಳ ಹಟ. ಸಬರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರಬೇಕು.