ಮೆಜೆಸ್ಟಿಕ್ ಕೆರೆ ಹಲಸೂರಿಗೆ ಹೋದ ಕಥೆ: ಕ್ಯೂಜಿಐಎಸ್ ಜಿಯೋರೆಫರೆನ್ಸರ್ ಬಳಸಿ ನೋಡಿದೆ

ನಕ್ಷೆ ಕೆಲಸದ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ. ಸ್ಕ್ಯಾನ್ ಮಾಡಿದ ಹಳೇ ನಕ್ಷೆಯನ್ನು ಭೂಮಿಯ ಮೇಲಿನ ಸರಿಯಾದ ಜಾಗಕ್ಕೆ ಕೂರಿಸುವ ಅದರ ಜಿಯೋರೆಫರೆನ್ಸರ್ ಒಳ್ಳೆಯ ಸಾಧನ. ಒಂದೇ ತೊಂದರೆ, ನೀವು ಹೇಳಿದ್ದನ್ನೆಲ್ಲ ನಂಬಿಬಿಡುತ್ತದೆ.

ನನ್ನ ಹತ್ತಿರ ಇದ್ದದ್ದು 19ನೇ ಶತಮಾನದ ಮೈಸೂರು ಸೀಮೆಯ ನಕ್ಷೆಯ ಹಾಳೆ, ಬೆಂಗಳೂರು ಇರುವಂಥದ್ದು, ಮೈಲಿಗೆ ಒಂದಿಂಚು. 300 ಡಿಪಿಐ ಸ್ಕ್ಯಾನ್. ಅಕ್ಷಾಂಶ ರೇಖಾಂಶ ಅಂಚಿನಲ್ಲೇ ಅಚ್ಚಾಗಿದೆಯಲ್ಲ, ಇನ್ನೇನು ಬೇಕು ಅಂತ ನಾಲ್ಕು ಮೂಲೆ ಒತ್ತಿ ಅಂಕಿ ತುಂಬಿದೆ. ತಪ್ಪು ತೋರಿಸುವ ಕಾಲಂನಲ್ಲಿ ಎರಡೋ ಮೂರೋ ಪಿಕ್ಸೆಲ್ ಅಷ್ಟೇ. ಖುಷಿಯಿಂದ ಇಂದಿನ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಇಟ್ಟರೆ, ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಕಡೆ ಬರಬೇಕಾದ ಧರ್ಮಾಂಬುಧಿ ಕೆರೆ ಕಮರ್ಷಿಯಲ್ ಸ್ಟ್ರೀಟ್ ದಾಟಿ ಹಲಸೂರು ಕೆರೆಯ ಹತ್ತಿರ ಹೋಗಿ ಕೂತಿತ್ತು!

ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ಹಾಳೆಯ ಕೆಳಗಿನ ಇರುವೆಯಂಥ ಅಕ್ಷರ ಓದಿದೆ. ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು 80 ಡಿಗ್ರಿ 17 ನಿಮಿಷ 21 ಸೆಕೆಂಡ್ ಅಂತ ಹಿಡಿದು ಮಾಡಿದ ನಕ್ಷೆಯಂತೆ. ಆಮೇಲೆ ಆ ಲೆಕ್ಕವನ್ನು 2 ನಿಮಿಷ 27 ಸೆಕೆಂಡ್ ಕಡಿಮೆ ಮಾಡಿದರು. ಬೆಂಗಳೂರಿನಲ್ಲಿ ಅದು ಸುಮಾರು 4.4 ಕಿಲೋಮೀಟರ್, ಪೂರ್ವಕ್ಕೆ. ಸಾಫ್ಟ್‌ವೇರ್ ಪಾಪ ಏನು ಮಾಡುತ್ತೆ ಹೇಳಿ.

ಅಷ್ಟನ್ನು ಕಳೆದರೂ ಇನ್ನೂ 200 ಮೀಟರ್ ಆಸುಪಾಸು ಜರುಗಿತ್ತು. ಹಳೇ ಸರ್ವೆ ಎವರೆಸ್ಟ್ ದೀರ್ಘಗೋಳದ ಮೇಲೆ, ಅಂದರೆ ಭೂಮಿಯ ಆಕಾರಕ್ಕೆ ಆಗ ಹಿಡಿದ ಲೆಕ್ಕದ ಮೇಲೆ, ನಿಂತಿದೆ, ನಮ್ಮ ಜಿಪಿಎಸ್ ಬೇರೆಯದರ ಮೇಲೆ. ಕ್ಯೂಜಿಐಎಸ್‌ನ ನಿರ್ದೇಶಾಂಕ ಪದ್ಧತಿಗಳ ಪಟ್ಟಿಯಲ್ಲಿ ಹುಡುಕಿದರೆ ಹಳೇ ಸರ್ವೆಯ ಮೂಲಬಿಂದುವಿನ ಹೆಸರಿನ ಕಲ್ಯಾಣಪುರ ಅಂತ 1880, 1937, 1962, 1975 ಎಲ್ಲ ಇವೆ. ಯಾವುದನ್ನು ಆರಿಸುವುದು? ನಾನು ಆ ಗೋಜೇ ಬಿಟ್ಟೆ. ಮೂಲೆಗಳನ್ನು ಅಳಿಸಿ, ಅಂದೂ ಇಂದೂ ಕದಲದ ಜಾಗಗಳನ್ನೇ ಹಿಡಿದೆ: ಲಾಲ್‌ಬಾಗ್ ಬಂಡೆ ಮೇಲಿನ ಗೋಪುರ, ಹಳ್ಳಿ ಗುಡಿಗಳು, ಕೆರೆ ಏರಿ ತಿರುಗುವ ಮೂಲೆ. ನೀರಿನ ಅಂಚನ್ನು ಮಾತ್ರ ಹಿಡಿಯಬೇಡಿ, ಮಳೆಗಾಲಕ್ಕೊಂದು ಬೇಸಿಗೆಗೊಂದು. ಚಿಕ್ಕ ಹಾಳೆಗೆ ಹನ್ನೆರಡು ಬಿಂದು, ಕಾಗದವನ್ನು ಬಾಗಿಸದೆ ಸರಿಸುವ, ತಿರುಗಿಸುವ, ಹಿಗ್ಗಿಸುವ ಪಾಲಿನೋಮಿಯಲ್ 1 ವಿಧಾನ, ಸಾಕಾಯಿತು. ಐದಾರು ಪಿಕ್ಸೆಲ್ ತಪ್ಪು ಉಳಿಯಿತು, ಈ ಸ್ಕ್ಯಾನಿನಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಐದು ಮೀಟರ್ ಚಿಲ್ಲರೆ. ನನಗೆ ಓಕೆ.

ಥಿನ್ ಪ್ಲೇಟ್ ಸ್ಪ್ಲೈನ್ ಅಂತ ಇನ್ನೊಂದು ವಿಧಾನ ಇದೆ. ತಪ್ಪು ಸೊನ್ನೆ ತೋರಿಸುತ್ತದೆ, ಏಕೆಂದರೆ ನೀವು ಕೊಟ್ಟ ಪ್ರತಿ ಬಿಂದುವಿಗೂ ಕಾಗದವನ್ನು ರಬ್ಬರಿನಂತೆ ಎಳೆದು ಅಂಟಿಸುತ್ತದೆ. ನಾನು ಬೇಕಂತಲೇ ಒಂದು ಗುಡಿಯನ್ನು ಪಕ್ಕದ ಊರಿಗೆ ಗುರುತು ಹಾಕಿದೆ, ಆಗಲೂ ಸೊನ್ನೆ! ಅಲ್ಲಿ ಒಂದು ಎಚ್ಚರಿಕೆಯ ಮಾತಾದರೂ ಬರಬಾರದಾ? ಅದಕ್ಕೇ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು.

ಈಗ ಧರ್ಮಾಂಬುಧಿ ಮೆಜೆಸ್ಟಿಕ್ ಮೇಲೆ, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಮೇಲೆ. ಮುಚ್ಚುವ ಮೊದಲು ಬಿಂದುಗಳ ಫೈಲ್ ಸೇವ್ ಮಾಡಿಕೊಳ್ಳಿ, ನಾನು ಮಾಡದೆ ಹನ್ನೆರಡನ್ನೂ ಎರಡು ಸಲ ಒತ್ತಿದ್ದೇನೆ.