ಗಿರಣಿ ಮೇಲಿನ ಮನೆ, ಒದರುವ ಲ್ಯಾಪ್‌ಟಾಪ್, ಕೊಪ್ಪಿಕರ್ ರೋಡ್ ಹಿಂದಿನ ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಪೂರ್ತಿ ಮಾರ್ಕ್ಸ್, ಟೈಮಿಗೆ ಅರ್ಧ. ಒಂದು ತಾಸು ಅಂತ ಹೇಳಿ ಮೂರು ತಾಸು ಕೂರಿಸಿದರು. ಆದರೂ ಎದ್ದು ಬರುವಾಗ ಸಿಟ್ಟಿರಲಿಲ್ಲ.

ನನ್ನದು ಅಕೌಂಟ್ಸ್ ಕೆಲಸ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಇಷ್ಟೇ. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಲ್ಯಾಪ್‌ಟಾಪಿಗೆ ನಾಲ್ಕು ವರ್ಷ. ಫೆಬ್ರುವರಿ ಕೊನೆಯಿಂದ ಅದರ ಫ್ಯಾನ್ ಒದರೋಕೆ ಶುರು ಮಾಡಿತು. ಆನ್ ಮಾಡಿದ ಎರಡು ನಿಮಿಷಕ್ಕೆ ಎದ್ದ ಸದ್ದು ಶಟ್‌ಡೌನ್ ಮಾಡೋತನಕ ಇಳಿಯುತ್ತಿರಲಿಲ್ಲ. ಮನೆ ಇರೋದು ಹಳೇ ಹುಬ್ಬಳ್ಳಿಯಲ್ಲಿ, ಕೆಳಗಡೆ ಹಿಟ್ಟಿನ ಗಿರಣಿ, ಅದರಲ್ಲೇ ಖಾರ ಕುಟ್ಟುವ ಮಷೀನೂ ಇದೆ. ಒಂದಿನ ಗಿರಾಕಿಯೊಬ್ಬರು ಫೋನಿನಲ್ಲಿ "ಏನ್ರೀ, ಗಿರಣ್ಯಾಗ ನಿಂತು ಮಾತಾಡಾಕ ಹತ್ತೀರೇನು?" ಅಂತ ಕೇಳಿದರು. ಗಿರಣಿ ಅವತ್ತು ಬಂದ್ ಇತ್ತು. ಅವರಿಗೆ ಕೇಳಿದ್ದು ನನ್ನ ಲ್ಯಾಪ್‌ಟಾಪ್.

ನಾನೂ ಸುಮ್ನೆ ಕೂತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಸಿಪಿಯು, ಅಂದರೆ ಲ್ಯಾಪ್‌ಟಾಪಿನ ಮುಖ್ಯ ಚಿಪ್ಪಿನ ಕೆಲಸ, 5-6 ಪರ್ಸೆಂಟ್ ಮೇಲೆ ಏರುತ್ತಲೇ ಇಲ್ಲ, ಫ್ಯಾನ್ ಮಾತ್ರ ವಿಮಾನ ಹಾರೋ ಹಾಗೆ. ಇಲ್ಲಿ ಒಂದು ಮಾತು. ನಿಮ್ಮದರಲ್ಲಿ ಏನೂ ಮಾಡದೆ ಇದ್ದಾಗಲೂ ಸಿಪಿಯು 60-70 ತೋರಿಸುತ್ತಿದ್ದರೆ ಅಂಗಡಿಗೆ ಓಡಬೇಡಿ. ಅದು ಹಿಂದೆ ಓಡ್ತಾ ಇರೋ ಯಾವುದೋ ಪ್ರೋಗ್ರಾಮಿನ ಕಾಟ, ಅಪ್‌ಡೇಟ್ ಇರಬಹುದು, ಆಂಟಿವೈರಸ್ ಸ್ಕ್ಯಾನ್ ಇರಬಹುದು, ನಲವತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್ ಇರಬಹುದು. ನನ್ನದು ಹಾಗಿರಲಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಎಷ್ಟು ಬಿಸಿ ಇದೆ ಅಂತ ಕಾಣಲ್ಲ, ಅದಕ್ಕೆ ಎಚ್‌ಡಬ್ಲ್ಯೂಮಾನಿಟರ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ನೋಡಿದೆ. ಸುಮ್ನೆ ಇದ್ದಾಗ 78 ಡಿಗ್ರಿ. ಟ್ಯಾಲಿ ಜೊತೆ ಪೋರ್ಟಲ್ ತೆರೆದರೆ 97. ಫ್ಯಾನಿಗೆ ಕೆಲಸ ಎಷ್ಟಿದೆ ಅಂತ ಗೊತ್ತಿರಲ್ಲ, ಬಿಸಿ ಎಷ್ಟಿದೆ ಅಂತ ಮಾತ್ರ ಗೊತ್ತು. ಅದಕ್ಕೇ ಪಾಪ ಒದರುತ್ತಿತ್ತು.

ಇಷ್ಟು ಗೊತ್ತಿದ್ದೂ ನಾನು ಮೊದಲು ಹೋಗಿದ್ದು ಬೇರೆ ಅಂಗಡಿಗೆ. ಹೆಸರು ಬೇಡ. ಎಸಿ ಇದೆ, ಗಾಜಿನ ಬಾಗಿಲಿದೆ. ಕೌಂಟರಿನ ಹುಡುಗ ಲ್ಯಾಪ್‌ಟಾಪ್ ಮುಟ್ಟಿಯೂ ನೋಡಲಿಲ್ಲ, "ವಿಂಡೋಸ್ ಕರಪ್ಟ್ ಆಗೇತ್ರಿ" ಅಂದ. ಫಾರ್ಮ್ಯಾಟ್ ಮಾಡಿ 700 ರೂಪಾಯಿ ತೊಗೊಂಡರು. ಟ್ಯಾಲಿ ಡೇಟಾ ಬ್ಯಾಕಪ್ ಇತ್ತು, ಬಚಾವಾದೆ. ಮನೆಗೆ ತಂದು ಆನ್ ಮಾಡಿದರೆ ಹೊಸ ವಿಂಡೋಸ್, ಹಳೇ ಸದ್ದು. ಆಮೇಲೆ ಯಾರೋ ಹೇಳಿದರು ಅಂತ 1,100 ರೂಪಾಯಿಯ ಕೂಲಿಂಗ್ ಪ್ಯಾಡ್ ತರಿಸಿದೆ. ಮೂರು ಡಿಗ್ರಿ ಇಳಿಯಿತು, ಸದ್ದು ಮಾಡೋ ಫ್ಯಾನ್ ಒಂದಿದ್ದದ್ದು ಮೂರಾಯಿತು.

ಈ ಅಂಗಡಿ ತೋರಿಸಿದ್ದು ಕೆಳಗಿನ ಗಿರಣಿಯವರ ಮಗ. ಕೊಪ್ಪಿಕರ್ ರೋಡಿನ ಹಿಂದಿನ ಗಲ್ಲಿ, ಮೊದಲ ಮಹಡಿ, ಎರಡು ಜನ ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕು. ನೋಡೋಕೆ ಏನೇನೂ ಇಲ್ಲ. ಒಳಗಿರೋರು ಐವತ್ತರ ಆಸುಪಾಸಿನವರು, ಕನ್ನಡಕ ಹಣೆ ಮೇಲೆ, ಮಾತು ಕಡಿಮೆ.

ಅವರು ಮಾಡಿದ ಮೊದಲ ಕೆಲಸ ನನಗೆ ಇಷ್ಟವಾಯಿತು. ಲ್ಯಾಪ್‌ಟಾಪ್ ಆನ್ ಮಾಡಿ, ಸದ್ದು ಏಳೋತನಕ ಕಾದು, ಬಿಸಿ ಗಾಳಿ ಹೊರಗೆ ಬರೋ ಜಾಲರಿ ಹತ್ತಿರ ಅಂಗೈ ಹಿಡಿದರು. ಆಮೇಲೆ ನನ್ನ ಕೈ ಎಳೆದು ಅಲ್ಲೇ ಇಟ್ಟು, "ಗಾಳಿ ಬರಾಕತ್ತೈತೇನ್ರಿ?" ಅಂದರು. ಬರ್ತಾ ಇರಲಿಲ್ಲ. ಅಷ್ಟು ಸದ್ದು ಮಾಡೋ ಫ್ಯಾನು, ಬಾಯಲ್ಲಿ ಊದಿದಷ್ಟೂ ಗಾಳಿ ಇಲ್ಲ. ಸದ್ದು ಜಾಸ್ತಿ, ಗಾಳಿ ಇಲ್ಲ ಅಂದರೆ ದಾರಿ ಕಟ್ಟಿದೆ ಅಂತ. ಗಾಳಿ ಬಿಸಿಯಾಗಿ ಜೋರಾಗಿ ಬರ್ತಾ ಇದ್ದರೆ ಫ್ಯಾನ್ ಸರಿ ಇದೆ, ಕೆಲಸವೇ ಜಾಸ್ತಿ ಆಗ್ತಿದೆ ಅಂತ. ಗರ್ ಗರ್ ಅಂತ ತಿಕ್ಕುವ ಸದ್ದು ಬಂದರೆ ಬೇರಿಂಗ್ ಹೋಗಿದೆ, ಆಗ ಫ್ಯಾನ್ ಬದಲಿಸಬೇಕು. ಇದನ್ನ ಆ ಗಾಜಿನ ಬಾಗಿಲಿನವರು ಮಾಡಿದ್ದರೆ ಅರ್ಧ ನಿಮಿಷದ ಕೆಲಸ, ನನ್ನ 700 ಉಳೀತಿತ್ತು.

ಬಿಚ್ಚೋದನ್ನ ನಮ್ಮೆದುರೇ ಬಿಚ್ಚುತ್ತಾರೆ. ಹನ್ನೊಂದು ಸ್ಕ್ರೂ, ಅದರಲ್ಲಿ ಎರಡು ರಬ್ಬರ್ ಕಾಲಿನ ಅಡಿ ಅಡಗಿದ್ದವು. ಎಲ್ಲಾ ಒಂದೇ ಉದ್ದ ಅಲ್ಲ. ಅವರು ಒಂದು ಥರ್ಮಾಕೋಲ್ ತುಂಡಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ತೆಗೆದರೋ ಅಲ್ಲಲ್ಲೇ ಚುಚ್ಚುತ್ತಾ ಹೋದರು. ಕವರ್ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿದರು. ಆಮೇಲೆ ಫ್ಯಾನ್ ಎತ್ತಿದರು.

ಫ್ಯಾನಿಗೂ ತಾಮ್ರದ ಪೈಪಿನ ತುದಿಯಲ್ಲಿರೋ ತೆಳ್ಳನೆ ರೆಕ್ಕೆಗಳಿಗೂ ನಡುವೆ ಏನೋ ಕೂತಿತ್ತು. ಬೆರಳಗಲ, ದಪ್ಪ, ಒತ್ತಾಗಿ. ಮೊದಲು ಅದು ಕಂಪನಿಯವರೇ ಇಟ್ಟ ಸ್ಪಂಜು ಅಂದುಕೊಂಡೆ. ಚಿಮಟದಲ್ಲಿ ಒಂದು ಮೂಲೆ ಹಿಡಿದು ಎಳೆದರೆ ಕಂಬಳಿ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಬಣ್ಣ ಬೂದು ಅಲ್ಲ, ಇಟ್ಟಿಗೆ ಕೆಂಪು. ಅವರು ಕನ್ನಡಕ ಇಳಿಸಿ ಹತ್ತಿರ ಹಿಡಿದು ನೋಡಿದರು, ಮೂಸಿದರು. ಮೂಸಬಾರದಿತ್ತು. ಆ ಸೀನು ನಾನು ಮರೆಯಲ್ಲ. ಅವರ ಹಿಂದೆ ನಾನು, ನನ್ನ ಹಿಂದೆ ಚಹಾ ತಂದ ಹುಡುಗ.

ಖಾರದ ಪುಡಿ! ಶಿವರಾತ್ರಿ ಮುಗಿದು ಮಳೆ ಬರೋದರೊಳಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ವರ್ಷದ ಖಾರ ಕುಟ್ಟಿಸೋ ಹೊತ್ತು. ಬ್ಯಾಡಗಿ ಮೆಣಸಿನಕಾಯಿ ಚೀಲಗಟ್ಟಲೆ ಗಿರಣಿಗೆ ಬರುತ್ತೆ. ನನ್ನ ಮೇಜು ಇರೋದು ಗಿರಣಿ ಮೇಲಿನ ಕಿಟಕಿ ಪಕ್ಕ. ನಾಲ್ಕು ಬೇಸಿಗೆಯ ಹಿಟ್ಟು, ಹುಬ್ಬಳ್ಳಿ ರಸ್ತೆ ಧೂಳು, ಅದರ ಮೇಲೆ ಈ ಕೆಂಪು ಪುಡಿ, ಎಲ್ಲಾ ಸೇರಿ ಫ್ಯಾನಿನ ಬಾಯಿಗೆ ಬಿರಡೆ ಹಾಕಿತ್ತು. "ಪುಣ್ಯಾಕ ಬ್ಯಾಡಗಿ ಐತ್ರಿ, ಬಣ್ಣ ಜಾಸ್ತಿ ಖಾರ ಕಡಿಮಿ. ಗುಂಟೂರ ಇದ್ದಿದ್ದರ ಅಂಗಡಿ ಬಂದ್ ಮಾಡಬೇಕಿತ್ತು" ಅಂದರು ಕಣ್ಣು ಒರೆಸಿಕೊಳ್ಳುತ್ತಾ. ಅವತ್ತು ಅವರಾಡಿದ ಅತಿ ಉದ್ದದ ಮಾತು ಅದೇ. ಕೂಲಿಂಗ್ ಪ್ಯಾಡ್ ಯಾಕೆ ಕೆಲಸ ಮಾಡಲಿಲ್ಲ ಅಂತಲೂ ಆಗ ಗೊತ್ತಾಯಿತು. ಹೊರಗೆ ಹೋಗೋ ದಾರಿಯೇ ಕಟ್ಟಿರುವಾಗ ಕೆಳಗಿಂದ ಎಷ್ಟು ಊದಿದರೇನು, ಪುಡಿಯನ್ನ ಇನ್ನಷ್ಟು ಒಳಗೆ ತಳ್ಳಿದ್ದೇ ಬಂತು.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಒಂದು ಕಡ್ಡಿ ಅಡ್ಡ ಕೊಟ್ಟರು. ಗಾಳಿಗೆ ಅದು ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತಂತೆ. ಮನೆಯಲ್ಲಿ ಕ್ಲೀನ್ ಮಾಡೋರು ಇದನ್ನ ನೆನಪಿಡಿ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಚಿಪ್ಪಿನ ಬಿಸಿಯನ್ನ ತಾಮ್ರದ ಪೈಪಿಗೆ ದಾಟಿಸೋದು ಆ ಪೇಸ್ಟೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪೇಸ್ಟ್ ಒಂದು ಅಕ್ಕಿ ಕಾಳಿನಷ್ಟು ಇಟ್ಟರು. ಇಷ್ಟೇ ಸಾಕಾ ಅಂದೆ. "ಇದು ಬೆಣ್ಣಿ ದ್ವಾಸಿ ಅಲ್ರಿ" ಅಂದರು. ಪೈಪಿನ ಪಕ್ಕದ ಸ್ಕ್ರೂಗಳ ಹತ್ತಿರ 1, 2, 3, 4 ಅಂತ ನಂಬರ್ ಅಚ್ಚಾಗಿರುತ್ತೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಗಿದರು. ಒಂದೇ ಕಡೆ ಬಿಗಿದರೆ ಒತ್ತಡ ಸಮ ಆಗಲ್ಲ.

ಮನೆಗೆ ಬಂದು ನೋಡಿದರೆ ಸುಮ್ನೆ ಇದ್ದಾಗ 47, ಅದೇ ಟ್ಯಾಲಿ ಅದೇ ಪೋರ್ಟಲ್ ತೆರೆದಾಗ 72. ಫ್ಯಾನ್ ತಿರುಗ್ತಾ ಇದೆಯೋ ಇಲ್ಲವೋ ಅಂತ ಕಿವಿ ಹಚ್ಚಿ ಕೇಳಿದೆ. ಇದಾಗಿ ಎರಡು ತಿಂಗಳು, ಈಗಲೂ ಹಾಗೇ ಇದೆ.

ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನೋದನ್ನ 100ರಿಂದ 99ಕ್ಕೆ ಇಳಿಸಿಕೊಟ್ಟರು. ಒಂದೇ ಅಂಕಿ, ಆದರೆ ಕೆಲಸ ಬಂದಾಗ ಚಿಪ್ಪಿನ ವೇಗ ತಾನಾಗೇ ಏರಿಸೋ ಟರ್ಬೊ ಬೂಸ್ಟ್ ಬಂದ್ ಆಗುತ್ತೆ, ಬಿಸಿ ಇಳಿಯುತ್ತೆ. ಟ್ಯಾಲಿಯಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಎಕ್ಸೆಲ್ ಫೈಲ್ ಮಾತ್ರ ತೆರೆಯೋಕೆ ತಡ ಮಾಡಿತು, ಹಾಗಾಗಿ ನಾನು ಮತ್ತೆ 100 ಮಾಡಿಕೊಂಡೆ. ಅವರಿಗೆ ಹೇಳಿಲ್ಲ.

ದುಡ್ಡು 650. ಕ್ಲೀನಿಂಗಿಗೆ 450, ಪೇಸ್ಟಿಗೆ 200. ಹೊಸ ಫ್ಯಾನ್ ಹಾಕಿ ಅಂತ ನಾನೇ ಕೇಳಿದೆ, ಇದು ಇನ್ನೂ ಗಟ್ಟಿ ಇದೆ ಅಂತ ಹಾಕಲಿಲ್ಲ.

ಈಗ ದೂರು. ಮೂರು ತಾಸು ಆಗಿದ್ದು ಕೆಲಸ ಜಾಸ್ತಿ ಇತ್ತು ಅಂತಲ್ಲ, ನಡುವೆ ಬಂದವರ ಪ್ರಿಂಟರ್, ಚಾರ್ಜರ್ ಎಲ್ಲಾ ನೋಡ್ತಾ ಕೂತರು ಅಂತ. ಬಿಲ್ ಕೇಳಿದರಷ್ಟೇ ಕೊಡ್ತಾರೆ. ಒಂದು ರಬ್ಬರ್ ಕಾಲು ಸರಿಯಾಗಿ ಅಂಟಿಸಿರಲಿಲ್ಲ, ವಾರದಲ್ಲಿ ಬಿದ್ದುಹೋಯಿತು, ಈಗ ಲ್ಯಾಪ್‌ಟಾಪ್ ಒಂದು ಮೂಲೆ ಕುಂಟುತ್ತೆ.

ವಾರಂಟಿ ಇನ್ನೂ ಇದ್ದರೆ ಮೊದಲು ಕಂಪನಿ ಸರ್ವಿಸ್ ಸೆಂಟರಿಗೇ ಹೋಗಿ. ಧಾರವಾಡದಿಂದ ಬರೋರು ಗಾಡಿ ತರಬೇಡಿ, ಆ ಗಲ್ಲಿಯಲ್ಲಿ ಸೈಕಲ್ ನಿಲ್ಲಿಸೋಕೂ ಜಾಗ ಇಲ್ಲ, ಚಿಗರಿ ಬಸ್ಸಿಗೆ ಬಂದು ಸಿಬಿಟಿಯಲ್ಲಿ (ಸಿಟಿ ಬಸ್ ನಿಲ್ದಾಣ) ಇಳಿದು ನಡೆಯಿರಿ. ಭಾನುವಾರ ಬಂದ್. ಚಾರ್ಜರ್ ಜೊತೆಗೇ ಒಯ್ಯಿರಿ, ಕೊನೆಗೆ ಟೆಸ್ಟ್ ಮಾಡೋಕೆ ಬೇಕು ಅಂತಾರೆ. ನಾನು ಮರೆತು ಹೋಗಿ ಹಳೇ ಹುಬ್ಬಳ್ಳಿಗೆ ಇನ್ನೊಂದು ಸಲ ಆಟೋ ಮಾಡಬೇಕಾಯಿತು.